ರೌಟರ್‌ನಲ್ಲಿ 1970ನೇ ಇಸವಿ ಕಂಡರೆ ರೀಸೆಟ್ ಮಾಡಲು ಬಿಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡು ಸಿಸಿ ಕ್ಯಾಮೆರಾ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇವತ್ತೇ ಬ್ರೌಸರ್‌ನಲ್ಲಿ ರೌಟರ್‌ನ ಸ್ಟೇಟಸ್ ಪುಟ ತೆರೆದು ದಿನಾಂಕ ನೋಡಿ. ಅಲ್ಲಿ 1970 ಅಂತ ಇದ್ದರೆ, ಇಂಟರ್ನೆಟ್ ಬರುತ್ತಿದೆಯಲ್ಲ, ಇರಲಿ ಬಿಡು ಅಂತ ಸುಮ್ಮನಾಗಬೇಡಿ.

ಕೊನೆಕೊಯ್ಲಿನ ಹೊತ್ತಲ್ಲಿ ನಮ್ಮ ಅಂಗಳದಿಂದ ಒಣಗಿದ ಅಡಿಕೆ ಕಳುವಾಯಿತು. ಕ್ಯಾಮೆರಾ ಅಂಗಳದ ಕಡೆಗೇ ಇತ್ತು. ಆದರೆ ರೆಕಾರ್ಡರ್‌ನಲ್ಲಿ ಆ ರಾತ್ರಿಯ ದಿನಾಂಕ ಹಾಕಿ ಹುಡುಕಿದರೆ ಖಾಲಿ. ಕೊನೆಗೆ ವಿಡಿಯೊ ಸಿಕ್ಕಿದ್ದು 1970ರ ಜನವರಿ 1ರ ಕೆಳಗೆ. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ 01-01-1970, ಬೆಳಿಗ್ಗೆ 05:30 ದಾಟಿದ ಸಮಯ. ಚಿತ್ರದಲ್ಲಿ ನೋಡಿದರೆ ಕಗ್ಗತ್ತಲು. ಕರೆಂಟ್ ಹೋಗಿ ಬಂದಾಗಲೆಲ್ಲ ಎಣಿಕೆ ಮತ್ತೆ ಅಲ್ಲಿಂದಲೇ ಶುರುವಾಗಿತ್ತು. ಹಾಗಾಗಿ ಎಷ್ಟೋ ರಾತ್ರಿಗಳು ಅದೊಂದೇ ದಿನದ ಕೆಳಗೆ ಒಂದರ ಮೇಲೊಂದು ಬಿದ್ದಿದ್ದವು. ಮಂಕಿ ಟೋಪಿ ಹಾಕಿದವನೊಬ್ಬ ಚೀಲ ಹೊತ್ತುಕೊಂಡು ಹೋಗುವುದು ಕಾಣುತ್ತದೆ. ಇದು ಯಾವ ರಾತ್ರಿಯದ್ದು ಅಂತ ಪೊಲೀಸರು ಕೇಳಿದಾಗ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಹೊಟ್ಟೆ ಉರಿಯುತ್ತದೆ ಅಲ್ವಾ?

ಸಾಮಾನ್ಯ ಮನೆ ರೌಟರ್‌ಗಳಲ್ಲಿ ಗಡಿಯಾರ ನಡೆಸುವ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಸಮಯವೂ ಹೋಯಿತು. ಮತ್ತೆ ಆನ್ ಆದಾಗ ಎನ್‌ಟಿಪಿ ಅನ್ನುವ ವ್ಯವಸ್ಥೆ ಮೂಲಕ ಇಂಟರ್ನೆಟ್‌ನಿಂದ ಸಮಯ ಕೇಳಿ ಪಡೆಯಬೇಕು. ಅದು ಸಿಗದಿದ್ದರೆ ಹಲವು ರೌಟರ್‌ಗಳು 1970ರ ಜನವರಿ 1ರಿಂದಲೇ ಎಣಿಸತೊಡಗುತ್ತವೆ. ಇಂಥ ಸಾಧನಗಳು ಬಳಸುವ ಯುನಿಕ್ಸ್ ಪದ್ಧತಿಯಲ್ಲಿ ಸಮಯದ ಎಣಿಕೆ ಶುರುವಾಗುವುದು ಆ ದಿನದಿಂದ. ಅದು ಯುಟಿಸಿ ಅನ್ನುವ ಜಾಗತಿಕ ಸಮಯದ ಮಧ್ಯರಾತ್ರಿ, ನಮ್ಮ ಭಾರತದ ಸಮಯದಲ್ಲಿ ಬೆಳಿಗ್ಗೆ ಐದೂವರೆ. ನಮ್ಮ ರೆಕಾರ್ಡರ್ ರೌಟರ್ ಹೇಳಿದ ಸಮಯವನ್ನೇ ನಂಬುತ್ತಿತ್ತು, ಕ್ಯಾಮೆರಾ ಹಾಕಿದವರು ಹಾಗೆ ಜೋಡಿಸಿದ್ದರು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲಿ. ಪೇಟೆಯಲ್ಲಿ ಕಾಣದ ಈ ತೊಂದರೆ ಇಲ್ಲಿ ಜಾಸ್ತಿ ಕಾಣುವುದು ಅದಕ್ಕೇ.

ಆಮೇಲೆ ಆದದ್ದು ಇನ್ನೂ ಬೇಸರದ ವಿಷಯ. ರಿಪೇರಿಗೆ ಬಂದವರು ಸ್ಟೇಟಸ್ ಪುಟ ನೋಡಲೇ ಇಲ್ಲ. ಸಿಡಿಲಿಗೆ ಬೋರ್ಡ್ ಹೋಗಿದೆ ಅಂದರು. ಹಿಂದಿನ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದರು. ಕಳುವಾದ ದಿನಗಳ ಲಾಗ್, ಅಂದರೆ ರೌಟರ್ ತಾನೇ ಬರೆದಿಟ್ಟುಕೊಂಡಿದ್ದ ದಾಖಲೆ, ಅಳಿಸಿಹೋಯಿತು. ಲಾಗಿನ್ ಹೆಸರು, ಪಾಸ್‌ವರ್ಡ್, ಕಂಪನಿಯ ಲೈನ್‌ಗೆ ಸೇರಲು ಬೇಕಾದ ವಿಎಲ್ಎಎನ್ ಸಂಖ್ಯೆ ಎಲ್ಲವೂ ಹೋಗಿ, ಬರುತ್ತಿದ್ದ ಇಂಟರ್ನೆಟ್ ಕೂಡ ನಿಂತಿತು. ಹೊಸ ರೌಟರ್ ಮಾರಿ ಹೋದರು. ಹೊಸದರಲ್ಲೂ ಅದೇ 1970. ಬೋರ್ಡ್ ಸುಟ್ಟಿದ್ದರೆ ಇಂಟರ್ನೆಟ್ ಹೇಗೆ ಬರುತ್ತಿತ್ತು? ಇಷ್ಟು ಯೋಚಿಸದೆ ಜನರ ದುಡ್ಡು ಖರ್ಚು ಮಾಡಿಸುವುದು ತಪ್ಪು.

ನಿಜವಾದ ತೊಂದರೆ ಇದ್ದದ್ದು ಲೈನ್‌ನಲ್ಲಿ. ಇಂಟರ್ನೆಟ್‌ನಲ್ಲಿ ಒಂದೊಂದು ಕೆಲಸಕ್ಕೂ ಪೋರ್ಟ್ ಅನ್ನುವ ಸಂಖ್ಯೆಯ ಬಾಗಿಲು ಇರುತ್ತದೆ; ಎನ್‌ಟಿಪಿ ಓಡಾಡುವುದು ಯುಡಿಪಿ ಅನ್ನುವ ಬಗೆಯ ಪೋರ್ಟ್ 123ರಲ್ಲಿ. 2013ರ ಕೊನೆ, 2014ರ ಶುರುವಿನಲ್ಲಿ ತೆರೆದಿಟ್ಟ ಎನ್‌ಟಿಪಿ ಸರ್ವರ್‌ಗಳನ್ನು ಬಳಸಿ ದೊಡ್ಡ ದಾಳಿಗಳು ನಡೆದವು. ಆಮೇಲೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಆ ಪೋರ್ಟ್‌ಗೆ ಬೇಲಿ ಹಾಕಿದವು. ಕೆಲವು ರೌಟರ್‌ಗಳು ಕೇಳುವುದೂ 123ರಿಂದ, ಉತ್ತರ ಕಾಯುವುದೂ 123ರಲ್ಲಿ. ಉತ್ತರ ಬೇಲಿಯಾಚೆಯೇ ಉಳಿಯುತ್ತದೆ. ಲ್ಯಾಪ್‌ಟಾಪ್‌ನಿಂದ ಬೇರೆ ಪೋರ್ಟ್‌ನಲ್ಲಿ ಕೇಳಿದರೆ ಸಮಯ ತಕ್ಷಣ ಬಂತು, 123ರಿಂದ ಕೇಳಿದರೆ ಇಲ್ಲ. ಅಲ್ಲಿಗೆ ವಿಷಯ ಗೊತ್ತಾಯಿತು.

ಎಲ್ಲರ ಮನೆಯಲ್ಲೂ ಕಾರಣ ಇದೇ ಇರಬೇಕಿಲ್ಲ. ಹೆಸರಿನಿಂದ ಸಂಖ್ಯೆಯ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಅನ್ನು ರೌಟರ್‌ನಲ್ಲಿ ಗೂಢಲಿಪಿಯಲ್ಲಿ (ಎನ್‌ಕ್ರಿಪ್ಟ್ ಆಗಿ) ಹಾಕಿದ್ದರೆ ಬೇರೆಯದೇ ಗೋಳು. ಸಮಯ ತಪ್ಪಿದ್ದರೆ ಆ ಡಿಎನ್ಎಸ್ ಸರ್ವರ್‌ನ ಗುರುತಿನ ಸರ್ಟಿಫಿಕೇಟ್ ಒಪ್ಪಿಗೆಯಾಗದು, ಅದಿಲ್ಲದೆ ಟೈಮ್ ಸರ್ವರ್‌ನ ವಿಳಾಸ ಸಿಗದು, ವಿಳಾಸವಿಲ್ಲದೆ ಸಮಯ ಸಿಗದು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಅಂಥ ಕಡೆ ಎನ್‌ಟಿಪಿ ಜಾಗದಲ್ಲಿ ಹೆಸರಿನ ಬದಲು ಸಂಖ್ಯೆಯ ವಿಳಾಸ ಹಾಕಿ ನೋಡಿ: ಗೂಗಲ್‌ನ 216.239.35.0, ಅಥವಾ ಕ್ಲೌಡ್‌ಫ್ಲೇರ್‌ನ 162.159.200.1. ಗಂಟೆ ಸರಿಯಾಗಿ ಐದೂವರೆ ಹಿಂದಿದ್ದರೆ ಅದು ಟೈಮ್ ಝೋನ್ ತಪ್ಪು ಅಷ್ಟೇ, +5:30 ಆರಿಸಿದರೆ ಮುಗಿಯಿತು.

ರೀಸೆಟ್ ಮಾಡಲೇಬೇಕು ಅಂತ ಯಾರಾದರೂ ಹಟ ಹಿಡಿದರೆ, ಮೊದಲು ಸೆಟ್ಟಿಂಗ್ ಬ್ಯಾಕಪ್ ತೆಗೆಸಿ, ಲಾಗ್ ಇಳಿಸಿಕೊಳ್ಳಿ, ಲಾಗಿನ್ ವಿವರ ಹಾಳೆಯಲ್ಲಿ ಬರೆದಿಡಿ.

ನಮ್ಮನೆಯಲ್ಲಿ ಈಗ ಹಳೆಯ ಕಂಪ್ಯೂಟರ್ ಒಂದರಲ್ಲಿ ಕ್ರೋನಿ ಅನ್ನುವ, ಸಮಯ ತಂದು ಹಂಚುವ ಪ್ರೋಗ್ರಾಂ ನಡೆಯುತ್ತಿದೆ. ಅದು ಬೇರೆ ಪೋರ್ಟ್‌ನಿಂದ ಸಮಯ ಕೇಳುತ್ತದೆ, ಒಳಗೆ ಸಿಆರ್2032 ಬಟನ್ ಸೆಲ್ ಇರುವುದರಿಂದ ಕರೆಂಟ್ ಹೋದರೂ ಗಡಿಯಾರ ಓಡುತ್ತದೆ. ರೌಟರ್ ಮತ್ತು ರೆಕಾರ್ಡರ್ ಎರಡಕ್ಕೂ ಅದರ ವಿಳಾಸವನ್ನೇ ಕೊಟ್ಟಿದ್ದೇನೆ. ಮೇನ್ ಸ್ವಿಚ್ ತೆಗೆದು ಹಾಕಿ ಪರೀಕ್ಷೆ ಮಾಡಿದೆ, ದಿನಾಂಕ ಸರಿಯಾಗಿ ಬರುತ್ತಿದೆ.

ಇಂಟರ್ನೆಟ್ ಕಂಪನಿಯವರು ಬೇಲಿ ಇನ್ನೂ ತೆಗೆದಿಲ್ಲ. ದೂರು ಸಂಖ್ಯೆ ಹಿಡಿದು ಕೇಳುತ್ತಲೇ ಇದ್ದೇನೆ. ನಿಮ್ಮಲ್ಲೂ ಇದೇ ತೊಂದರೆ ಇದ್ದರೆ ಸುಮ್ನೆ ನೆಟ್ ಸರಿ ಇಲ್ಲ ಅಂತ ಹೇಳಬೇಡಿ. ಯುಡಿಪಿ 123ರ ಉತ್ತರ ತಲುಪುತ್ತಿಲ್ಲ ಅಂತಲೇ ಬರೆಸಿ, ದೂರು ಸಂಖ್ಯೆ ಪಡೆಯಿರಿ.