ಡಬ್ಬದ ಮೇಲಿನ 650 ವ್ಯಾಟ್ ನಂಬಬೇಡಿ, ಸ್ಟಿಕರ್ ಓದಿ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಯೋಚನೆ ಇದ್ದರೆ ಇದನ್ನು ಓದಿ ಆಮೇಲೆ ದುಡ್ಡು ಕೊಡಿ. ನನಗೆ ಕಂಪ್ಯೂಟರ್ ಜೋಡಿಸಿಕೊಟ್ಟವರು ಆರ್‌ಟಿಎಕ್ಸ್ 3070 ಕಾರ್ಡ್ ಜೊತೆಗೆ 650 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಎಲ್ಲಾ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ) ಹಾಕಿದ್ದರು. ಈ ಕಾರ್ಡ್‌ಗೆ ಅದರ ಚಿಪ್ ಕಂಪನಿ ಎನ್‌ವಿಡಿಯಾ ಹೇಳುವುದೂ 650 ವ್ಯಾಟೇ. ಲೆಕ್ಕ ಸರಿಯಾಗಿದೆ ಅಲ್ವಾ?

ಬ್ರೌಸರ್, ಸಿನಿಮಾ, ಬರವಣಿಗೆ, ಯಾವುದಕ್ಕೂ ತೊಂದರೆ ಇರಲಿಲ್ಲ. ದೊಡ್ಡ ಗೇಮ್ ಶುರು ಮಾಡಿದರೆ ಮಾತ್ರ ಸ್ವಲ್ಪ ಹೊತ್ತಿಗೆ ಟಪ್ ಅಂತ ಎಲ್ಲಾ ಆಫ್. ನೀಲಿ ಪರದೆಯೂ ಇಲ್ಲ, ಎರರ್ ಕೂಡ ಇಲ್ಲ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಒಂದು ಸಾಲು ಇರುತ್ತಿತ್ತು. ಮೆಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅನ್ನುವುದಷ್ಟೇ ಅದರ ಅರ್ಥ. ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ.

ಮಾರಿದವರ ಹತ್ತಿರ ಪ್ರತಿ ಸಲವೂ ಹೊಸ ಉತ್ತರ. ಮೊದಲು ಡ್ರೈವರ್ ಹಳೇದು ಅಂದರು. ಆಮೇಲೆ ವಿಂಡೋಸ್ ಅಳಿಸಿ ಮತ್ತೆ ಹಾಕಿ ಅಂದರು. ಆಮೇಲೆ ರ‍್ಯಾಮ್ ಮೇಲೆ ಅನುಮಾನ. ಕೊನೆಗೆ ಕಾರ್ಡೇ ಕೆಟ್ಟಿದೆ ಅಂತ ತೀರ್ಪು ಕೊಟ್ಟರು. ಎಸ್‌ಎಂಪಿಎಸ್ ಮಾತು ಎತ್ತಿದರೆ ಸಾಕು, "650 ಇದೆಯಲ್ಲ ಸಾರ್, ಸಾಕಾಗಿ ಮಿಗುತ್ತೆ!"

ಸುಳಿವು ಸಿಕ್ಕಿದ್ದು ಬೇರೆ ಕಡೆಯಿಂದ. ಗೇಮ್ ಅನ್ನು ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಹಾಕಿ, ಕಾರ್ಡ್‌ನ ಪವರ್ ಲಿಮಿಟ್ (ಅದು ಎಳೆಯಬಹುದಾದ ಕರೆಂಟಿನ ಮಿತಿ) 70 ಪರ್ಸೆಂಟ್‌ಗೆ ಇಳಿಸಿದೆ. ಮೆಷಿನ್ ಒಮ್ಮೆಯೂ ಆಫ್ ಆಗಲಿಲ್ಲ. ನಿಮಗೂ ಇದೇ ಕಾಟ ಇದ್ದರೆ ಇದನ್ನು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಕರೆಂಟ್ ಎಳೆಯುವುದು ಕಡಿಮೆಯಾದ ಕೂಡಲೇ ಕಾಯಿಲೆ ವಾಸಿಯಾದರೆ ಮೊದಲು ಅನುಮಾನ ಪಡಬೇಕಾದ್ದು ಎಸ್‌ಎಂಪಿಎಸ್ ಮೇಲೆ.

ಕ್ಯಾಬಿನೆಟ್ ಬಿಚ್ಚಿ ಅದರ ಪಕ್ಕದ ಸ್ಟಿಕರ್ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ 650. ಕೆಳಗೆ ಸಣ್ಣದಾಗಿ 12 ವೋಲ್ಟ್ ಸಾಲಿನಲ್ಲಿ 32 ಆಂಪ್ಸ್. ಗುಣಿಸಿದರೆ 384 ವ್ಯಾಟ್! ಎಸ್‌ಎಂಪಿಎಸ್ ಕರೆಂಟನ್ನು 12, 5, 3.3 ವೋಲ್ಟ್ ಅಂತ ಬೇರೆ ಬೇರೆ ಸಾಲುಗಳಲ್ಲಿ ಕೊಡುತ್ತದೆ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್‌ನಿಂದಲೇ ಎಳೆಯುತ್ತವೆ. 3.3 ಮತ್ತು 5 ವೋಲ್ಟ್ ಸಾಲುಗಳಲ್ಲಿ ಎಷ್ಟು ವ್ಯಾಟ್ ಇದ್ದರೂ ಕಾರ್ಡ್‌ಗೆ ಅದು ಕೆಲಸಕ್ಕೆ ಬಾರದು. ನೆಟ್ಟಗಿರುವ 650ರ ಸ್ಟಿಕರ್‌ನಲ್ಲಿ 12 ವೋಲ್ಟ್ ಎದುರು ಸುಮಾರು 54 ಆಂಪ್ಸ್ ಇರುತ್ತದೆ.

ಈಗ ನನ್ನ ಮೆಷಿನ್ ಲೆಕ್ಕ ನೋಡಿ. ಕಾರ್ಡ್‌ಗೆ 220 ವ್ಯಾಟ್. ಪ್ರೊಸೆಸರ್ ರೈಜನ್ 7 5800ಎಕ್ಸ್. ಅದನ್ನು 105 ವ್ಯಾಟ್ ಅಂತ ಕರೆದರೂ ಜೋರಾಗಿ ಓಡುವಾಗ 142ರವರೆಗೆ ಎಳೆಯುತ್ತದೆ. ಎರಡೂ ಸೇರಿ 362. ಫ್ಯಾನ್, ಡಿಸ್ಕ್, ಬೋರ್ಡ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸಾಲದ್ದಕ್ಕೆ ಇಂಥ ಕಾರ್ಡ್‌ಗಳು ಕೆಲವು ಮಿಲಿಸೆಕೆಂಡ್ ಕಾಲ ತಮ್ಮ ಮಾಮೂಲಿ ವ್ಯಾಟ್‌ಗಿಂತ ತುಂಬಾ ಮೇಲೆ ಜಿಗಿಯುತ್ತವೆ. ಆ ಕ್ಷಣಕ್ಕೆ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ 2022ರ ಎಟಿಎಕ್ಸ್ 3.0 ನಿಯಮದಲ್ಲಿ ಈ ಜಿಗಿತಕ್ಕೇ ಜಾಗ ಮಾಡಿದ್ದಾರೆ. ಹೊಸ ಕಾರ್ಡ್‌ಗಳಿಗೆಂದು ಮಾಡಿದ ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೋಸೆಕೆಂಡ್ ಕಾಲ ತಮ್ಮ ವ್ಯಾಟ್‌ನ ಎರಡು ಪಟ್ಟು ತಾಳಿಕೊಳ್ಳಬೇಕು. ನನ್ನದು ಅದರ ಹತ್ತಿರಕ್ಕೂ ಬರುವ ಸರಕಲ್ಲ. ಬಣ್ಣದ ಲೈಟ್ ಇರುವ ಫ್ಯಾನ್ ಮಾತ್ರ ಚೆನ್ನಾಗಿತ್ತು.

ಇಷ್ಟೇ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಕಾರ್ಡ್‌ಗೆ ಎರಡು 8-ಪಿನ್ ಕೇಬಲ್ ಬೇಕು, ಆ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಒಂದೇ. ಇನ್ನೊಂದಕ್ಕೆ ಮೊಲೆಕ್ಸ್‌ನಿಂದ (ಹಳೇ ಡಿಸ್ಕ್‌ಗಳಿಗೆ ಕರೆಂಟ್ ಕೊಡುವ ಕನೆಕ್ಟರ್) ಅಡಾಪ್ಟರ್ ಸಿಕ್ಕಿಸಿಬಿಟ್ಟಿದ್ದರು. 8-ಪಿನ್ ಅಂದರೆ 150 ವ್ಯಾಟ್ ಕೊಡುವ ದಾರಿ. ನನ್ನ ಅಡಾಪ್ಟರ್ ಬಿಚ್ಚಿದಾಗ ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಕಾರ್ಡ್‌ಗೆ ಬೇಕಾದಷ್ಟು ಕೇಬಲ್ ಎಸ್‌ಎಂಪಿಎಸ್‌ನಲ್ಲೇ ಇಲ್ಲ ಅಂದರೆ, ಆ ಕಾರ್ಡ್ ಹೊರುವ ಶಕ್ತಿ ಅದಕ್ಕಿಲ್ಲ ಅಂತಲೇ ತಿಳಿಯಿರಿ. ಈಗಿನ ಡಿಸ್ಕ್‌ಗಳಿಗೆ ಕರೆಂಟ್ ಕೊಡುವ ಸಾಟಾ ಕನೆಕ್ಟರ್‌ನಿಂದ ಬರುವ ಅಡಾಪ್ಟರ್ ಇನ್ನೂ ಅಪಾಯ. ಆ ಕನೆಕ್ಟರ್‌ನ 12 ವೋಲ್ಟ್ ಮಿತಿ 54 ವ್ಯಾಟ್ ಅಷ್ಟೇ.

ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಬ್ಯಾಡ್ಜ್ ನೋಡಿ ಮೋಸ ಹೋಗುವವರೂ ಇದ್ದಾರೆ. ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದಕ್ಕೆ ಅದು ಗುರುತು. ಒಳಗಿನ ರಕ್ಷಣೆ ಹೇಗಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಬೇರೆ ಕಡೆಯಿಂದ ಒಳ್ಳೆಯ ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ತಂದೆ. ಹಾಕಲು ಬಂದ ಹುಡುಗ, ಬೇರೆ ಮೆಷಿನ್‌ನಿಂದ ಉಳಿದ ಡಿಸ್ಕ್ ಕೇಬಲ್ ತೆಗೆದು, "ಇದು ಉದ್ದ ಇದೆ, ಇದನ್ನೇ ಹಾಕೋಣ" ಅಂದ. ಬೇಡವೇ ಬೇಡ ಅಂದೆ. ಕಾರ್ಡ್, ಡಿಸ್ಕ್ ಕಡೆಯ ತುದಿಗೆ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಪಿನ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬಂದರೆ ಡಿಸ್ಕ್ ಕಥೆ ಮುಗಿಯಿತು. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಇದು ನಡೆಯುತ್ತದೆ. ಡಬ್ಬದಲ್ಲಿ ಬಂದ ಕೇಬಲ್ ಮಾತ್ರ ಬಳಸಿ.

ಈಗ ಗೇಮ್ ನಡುವೆ ಮೆಷಿನ್ ಆಫ್ ಆಗುವುದಿಲ್ಲ. ಕೆಟ್ಟಿದೆ ಅಂತ ತೀರ್ಪಾಗಿದ್ದ ಅದೇ ಕಾರ್ಡ್ ಪೂರ್ತಿ ಪವರ್‌ನಲ್ಲಿ ಓಡುತ್ತಿದೆ. ಹಳೇ ಎಸ್‌ಎಂಪಿಎಸ್ ವಾಪಸ್ ಕೊಡಲು ಹೋದರೆ, "ಓವರ್‌ಲೋಡ್ ಮಾಡಿದ್ದೀರಿ, ವಾರಂಟಿ ಸಿಗಲ್ಲ" ಅಂದರು. ಜೋಡಿ ಹಾಕಿಕೊಟ್ಟವರೇ ಅವರು! ಬಿಲ್ ತೋರಿಸಿ ಜಗಳ ಮಾಡೋಣ ಅಂದರೆ ಅದರಲ್ಲಿ "650 ವ್ಯಾಟ್ ಎಸ್‌ಎಂಪಿಎಸ್" ಅಂತ ಬಿಟ್ಟರೆ ಮಾಡೆಲ್ ಹೆಸರೇ ಇಲ್ಲ. ನೀವು ತಗೊಳ್ಳುವಾಗ ಪೂರ್ತಿ ಮಾಡೆಲ್ ಹೆಸರು ಬಿಲ್‌ನಲ್ಲಿ ಬರೆಸಿಕೊಳ್ಳಿ. ಜೋಡಿಸುವ ಮುಂಚೆಯೇ ಸ್ಟಿಕರ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಯಾಬಿನೆಟ್ ಒಳಗೆ ಕೂತ ಮೇಲೆ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ.