ನೆಲಮಾಳಿಗೆಯನ್ನು ನಂಬಿ ವೈನ್ ಕೂಡಿಡುವವರ ಗಮನಕ್ಕೆ

ಪ್ಯಾರಿಸ್ಸಿನ ಹೊರವಲಯದ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿರುವ ನಾವು, ನಮ್ಮ ಮದುವೆಯ ವರ್ಷವಾದ 1996ರದ್ದೇ ಎಂಬ ಕಾರಣಕ್ಕೆ, ಬೋರ್ಡೋ ಸೀಮೆಯ ಪೊಯಾಕಿನ ಕೆಂಪು ವೈನಿನ 6 ಬಾಟಲಿಗಳನ್ನು 2009ರಲ್ಲಿ ಕೊಂಡು, 25ನೆಯ ವಾರ್ಷಿಕೋತ್ಸವಕ್ಕೆಂದು ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಪಾಲಿಗಿದ್ದ ಕೋಣೆಯಲ್ಲಿ ಮಲಗಿಸಿಟ್ಟಿದ್ದೆವು. 1996ರಲ್ಲಿ ಪೊಯಾಕಿನ ಸುತ್ತಮುತ್ತ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ ಚೆನ್ನಾಗಿ ಮಾಗಿತ್ತು. ವೈನ್ ಅಷ್ಟು ಕಾಲ ಬಾಳುತ್ತದೆಂಬ ಭರವಸೆ ನಮಗಿತ್ತು.

2021ರ ನವೆಂಬರಿನಲ್ಲಿ ಮೇಲಿನ ಕಪಾಟಿನಿಂದ ಒಂದು ಬಾಟಲಿ ತೆಗೆದಾಗ, ಬಾಯಿಯ ಹೊದಿಕೆಯ ಕೆಳಗೆ ಅಂಟಂಟಾದ ಕಲೆಯಿತ್ತು, ಕಾರ್ಕ್ ತುಸು ಮೇಲೆದ್ದಿತ್ತು, ವೈನಿನ ಮಟ್ಟ ಕತ್ತಿನಿಂದ ಇಳಿದು ಬಾಟಲಿಯ ಹೆಗಲಿಗೆ ಬಂದಿತ್ತು. ಈ ಮೂರರಲ್ಲಿ ಒಂದು ಕಂಡರೂ ಅನುಮಾನಿಸಬೇಕೆಂದು ಆಗ ನನಗೆ ಗೊತ್ತಿರಲಿಲ್ಲ. ಗ್ಲಾಸಿನ ಅಂಚು ಮಾತ್ರವಲ್ಲದೆ ನಡುಭಾಗವೂ ಕಂದಾಗಿತ್ತು. ಪೆಟ್ಟುಬಿದ್ದ ಸೇಬಿನ ವಾಸನೆ, ಅದರ ಬೆನ್ನಿಗೇ ವಿನಿಗರಿನ ಘಾಟು. ಬಾಯಲ್ಲಿ ಹಣ್ಣಿನ ಸುಳಿವೇ ಇಲ್ಲದೆ ಬರೀ ಹುಳಿ ಮತ್ತು ಒಣ ಒಗರು ಉಳಿಯಿತು. ಊಟಕ್ಕೆ ಬಂದಿದ್ದ ಸ್ನೇಹಿತರು ಹಳೆಯ ವೈನ್ ಹೀಗೆಯೇ ಇರುತ್ತದೆಂದರು, ನಾನೂ ತಲೆಯಾಡಿಸಿ ಕುಡಿದೆ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ, ಏಕೆಂದರೆ ಮಾಗುವುದೇ ಬೇರೆ, ಕೆಡುವುದೇ ಬೇರೆ. ಸರಿಯಾಗಿ ಮಾಗಿದ ಪೊಯಾಕಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಒಗರು ಮೆತ್ತಗಾಗುತ್ತದೆ, ತಳದಲ್ಲಿ ಗಸಿ ನಿಲ್ಲುತ್ತದೆ. ದೇವದಾರು ಮರವನ್ನೂ ತಂಬಾಕಿನ ಎಲೆಯನ್ನೂ ನೆನಪಿಸುವ ಪರಿಮಳದ ನಡುವೆ ಹಣ್ಣು ಒಣಗಿದಂತಾಗಿದ್ದರೂ ಇದ್ದೇ ಇರುತ್ತದೆ.

ಮರುದಿನ ಕೋಣೆಯನ್ನು ಪರಿಶೀಲಿಸಿದಾಗ, ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಮೇಲಿನ ಕಪಾಟಿಗಿಂತ ಒಂದು ಗೇಣು ಮೇಲೆ ಹಾದುಹೋಗಿರುವುದು ಕಂಡಿತು. 12ರಿಂದ 14 ಡಿಗ್ರಿ ಇರಬೇಕಾದಲ್ಲಿ ಥರ್ಮಾಮೀಟರ್ 27 ತೋರಿಸಿತು. ವಸಂತದಲ್ಲಿ ಕೊಳವೆ ತಣಿದ ಮೇಲೆ ಅದು 16ಕ್ಕೆ ಇಳಿಯಿತು. ಬಿಸಿಗೆ ಹಿಗ್ಗುವ ವೈನ್ ಕಾರ್ಕನ್ನು ಹೊರಕ್ಕೆ ತಳ್ಳುತ್ತದೆ, ತಣಿದು ಕುಗ್ಗುವಾಗ ಸಡಿಲವಾದ ಕಾರ್ಕಿನ ಪಕ್ಕದಿಂದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಬಾಟಲಿಗಳು ಇದನ್ನು 12 ಚಳಿಗಾಲ ಅನುಭವಿಸಿದ್ದವು.

ಆದ್ದರಿಂದ ವೈನ್ ಇಡುವ ಮೊದಲೇ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ದಾಖಲಿಸುವ ಥರ್ಮಾಮೀಟರನ್ನು ಆ ಜಾಗದಲ್ಲಿ ಒಂದು ಪೂರ್ತಿ ವರ್ಷ ಇಡಿರಿ. ಕೊಳವೆ ಎಲ್ಲಿ ಹೋಗುತ್ತದೆಂದು ಕಟ್ಟಡದವರನ್ನು ಕೇಳಿರಿ. ಊರಿಗೆ ಒಯ್ದು ಬೆಂಗಳೂರಿನ ಅಡುಗೆಮನೆಯ ಅಟ್ಟದಲ್ಲಿಡುವವರಿಗೂ ಈ ಮಾತು ಸಲ್ಲುತ್ತದೆ, ಅಲ್ಲಿ ಏಪ್ರಿಲ್ ತಿಂಗಳೊಂದೇ ಸಾಕು. ಹಳೆಯ ಬಾಟಲಿ ಕೊಳ್ಳುವಾಗ ಲೇಬಲ್ಲಿಗಿಂತ ಮೊದಲು ವೈನಿನ ಮಟ್ಟವನ್ನು ಬೆಳಕಿಗೆ ಹಿಡಿದು ನೋಡಿರಿ.

ಮೇಲಿನ ಕಪಾಟಿನ 4 ಬಾಟಲಿಗಳೂ ಕೆಟ್ಟಿದ್ದವು. ನೆಲದ ಮೇಲೆ, ಕಲ್ಲುಗೋಡೆಗೆ ಒತ್ತಿಕೊಂಡಿದ್ದ ಎರಡರಲ್ಲಿ ವೈನ್ ಇನ್ನೂ ಕತ್ತಿನವರೆಗೂ ಇತ್ತು. ಕಳೆದ ತಿಂಗಳು ಅವುಗಳಲ್ಲಿ ಒಂದನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಗಸಿ ಕಲಕದಂತೆ ಬಗ್ಗಿಸಿದೆವು. ಅದರಲ್ಲಿ ಕರಿದ್ರಾಕ್ಷಿಯ ರುಚಿ ಇನ್ನೂ ಇತ್ತು. ನನ್ನ ಹೆಂಡತಿ ಎರಡನೆಯ ಸಲ ಗ್ಲಾಸನ್ನು ಮುಂದೆ ಹಿಡಿದಳು.