ಪಿಹೆಚ್-ಇಸಿ ಪೆನ್ ಮೀಟರ್: ಇಸಿ ಸೂಪರ್, ಪಿಹೆಚ್ ಪ್ರೋಬ್ ಸಾಕೋಷ್ಟರಲ್ಲಿ ಸಾಕಾಗೋಯ್ತು

ಕೋಲಾರದ ಕಡೆ ಪಾಲಿಹೌಸಲ್ಲಿ ಕ್ಯಾಪ್ಸಿಕಂ, ಹೊರಗೆ ಟೊಮ್ಯಾಟೊ ಬೆಳೆಯೋನು ನಾನು, ಲ್ಯಾಬ್‌ನೋನಲ್ಲ, ಅದನ್ನ ತಲೇಲಿಟ್ಕೊಂಡು ಓದಿ. ಜೇಬಲ್ಲಿ ಹಿಡಿಯೋ ಸೈಜಿನ ಮೀಟರು, ಪಿಹೆಚ್ (ನೀರಿನ ಹುಳಿ-ಕ್ಷಾರದ ಅಳತೆ, 7 ಅಂದ್ರೆ ಎರಡೂ ಅಲ್ಲ), ಇಸಿ (ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದು, ಉಪ್ಪು-ಗೊಬ್ಬರ ಜಾಸ್ತಿಯಾದಷ್ಟೂ ಏರುತ್ತೆ), ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಉಪ್ಪು) ಮೂರೂ ತೋರಿಸುತ್ತೆ, ನಾಲ್ಕು ಸಾವಿರದೊಳಗೆ ಬಂತು. ಮಿಕ್ಕ ಡೀಟೇಲ್ಸ್ ಎಲ್ಲಾ ಬಾಕ್ಸ್ ಮೇಲೇ ಐತೆ. ಎರಡು ಬೇಸಿಗೆ ದಾಟಿಸಿದೆ, ಈಗ ಬರೀತಿರೋದು ಹೊಸ ಪಿಹೆಚ್ ಪ್ರೋಬಿನ (ನೀರಿಗೆ ಅದ್ದೋ ತುದಿ) ರೇಟು ಕೇಳಿ ಹೊಟ್ಟೆ ಉರಿದು.

ಮೊದಲು ಒಳ್ಳೇದು ಹೇಳ್ಬಿಡ್ತೀನಿ. ಇಸಿ. ಬೆಳಿಗ್ಗೆ ಕರೆಂಟ್ ಬಂದು ಮೋಟ್ರು ಓಡಿ ಟ್ಯಾಂಕ್ ತುಂಬಿದ ಮೇಲೆ ಒಂದು ಹಳೇ ಪ್ಲಾಸ್ಟಿಕ್ ಮಗ್ಗನ್ನ ಅದೇ ನೀರಲ್ಲಿ ಎರಡು ಸಲ ತೊಳೆದು, ತುಂಬಿಸಿ, ಪಕ್ಕಕ್ಕಿಟ್ಟು ಕಾಫಿ ಕುಡೀತೀನಿ, ಯಾಕಂದ್ರೆ ನಮ್ಮ ಬೋರು ಸಾವಿರ ಅಡಿ ದಾಟಿರೋದು, ನೀರು ಬೆಚ್ಚಗೇ ಬರುತ್ತೆ. ಟೆಂಪರೇಚರ್ ಅಡ್ಜಸ್ಟ್‌ಮೆಂಟು ಮೀಟರಲ್ಲೇ ಐತೆ, ಒಂದೊಂದು ಡಿಗ್ರಿಗೆ ಇಸಿ ಸುಮಾರು 2 ಪರ್ಸೆಂಟ್ ಏರುತ್ತಲ್ಲ ಅದನ್ನ ಅದೇ ಸರಿಮಾಡ್ಕೊಳುತ್ತೆ, ಆದ್ರೂ ಕಾಫಿ ಕುಡಿಯೋಕೆ ಒಂದು ನೆಪ ಬೇಕಲ್ಲ. ಆಮೇಲೆ ಅದ್ದಿ ಒಂದು ಸಲ ಅಲ್ಲಾಡಿಸಬೇಕು, ಪಿನ್ ಮಧ್ಯ ಗುಳ್ಳೆ ಕೂತ್ರೆ ರೀಡಿಂಗ್ ಕಮ್ಮಿ ತೋರಿಸುತ್ತೆ.

ನಮ್ಮ ಬೋರಿನ ಬರೀ ನೀರಿಗೇ ಇಸಿ 1.1 (ಮಿಲಿಸೀಮೆನ್ಸ್ ಲೆಕ್ಕ) ಬರುತ್ತೆ. ಗೊಬ್ಬರ ಕಲಸಿ 1.9ಕ್ಕೆ ನಿಲ್ಲಿಸ್ತೀನಿ ಅಂದ್ರೆ ನಿಜವಾಗಿ ಗೊಬ್ಬರಕ್ಕೆ ಉಳಿದಿರೋ ಜಾಗ 0.8 ಅಷ್ಟೆ. ಏಪ್ರಿಲ್-ಮೇನಲ್ಲಿ ಬೋರು ಸೊರಗಿದಾಗ ಬರೀ ನೀರೇ 1.4 ತನಕ ಹೋಗುತ್ತೆ, ಆಗ ಅಂಗಡಿಯೋರು ಬರ್ಕೊಟ್ಟ ಚೀಟಿ ಪ್ರಕಾರ ಕೆಜಿ ಲೆಕ್ಕದಲ್ಲಿ ಸುರಿದ್ರೆ ಎಲೆ ಅಂಚು ಸುಡದೆ ಇನ್ನೇನಾಗುತ್ತೆ. ಈ ಒಂದು ವಿಷಯಕ್ಕೇ ಮೀಟರಿನ ದುಡ್ಡು ಗೊಬ್ಬರದಲ್ಲೇ ವಾಪಸ್ ಬಂತು ನಂಗೆ. ಮಣ್ಣೂ ನೋಡ್ಬಹುದು, ಒಂದು ಪಾಲು ಮಣ್ಣು ಎರಡು ಪಾಲು ಬ್ಯಾಟರಿ ವಾಟರ್ (ಡಿಸ್ಟಿಲ್ಡ್ ವಾಟರ್) ಕಲಸಿ, ಒಂದರ್ಧ ಗಂಟೆ ಬಿಟ್ಟು, ಮೇಲಿನ ತಿಳಿಗೆ ಅದ್ದಬೇಕು, ಸಾಲಿನ ಕೊನೇಲಿ ಉಪ್ಪು ಕಟ್ತಾ ಐತಾ ಅಂತ ಗೊತ್ತಾಗುತ್ತೆ.

ಇಸಿ ಕಡೆಯ ಮೇಂಟೆನೆನ್ಸ್ ಅಂದ್ರೆ ಏನೂ ಇಲ್ಲ. ಮೆತ್ತನೆ ಬ್ರಷ್ಷಲ್ಲಿ ಪಿನ್ ತಿಕ್ಕೋದು, ಆಗಾಗ 1413ರ ಸೊಲ್ಯೂಷನ್‌ಗೆ (ಇಸಿ 1413 ಮೈಕ್ರೋಸೀಮೆನ್ಸ್, ಅಂದ್ರೆ 1.413 ಅಂತ ಮೊದಲೇ ಗೊತ್ತಿರೋ ನೀರು) ಅದ್ದಿ ಸರಿ ತೋರಿಸ್ತಾ ಅಂತ ನೋಡೋದು, ಸೀಸನ್ ಮುಗಿದು ಎತ್ತಿಡುವಾಗ ಬಟನ್ ಸೆಲ್ ತೆಗೆಯೋದು.

ಟಿಡಿಎಸ್ ಮೋಡನ್ನ ಮಾತ್ರ ಮರೆತ್ಬಿಡಿ. ಪಕ್ಕದ ತೋಟದೋರ ಮೀಟರು 1400 ಅಂತಿತ್ತು, ನಂದು ಅದೇ ನೀರಿಗೆ 1000, ಯಾರ್ದು ಡೂಪ್ಲಿಕೇಟು ಅಂತ ದೊಡ್ಡ ಚರ್ಚೆ ನಡೀತು. ಎರಡೂ ಸರಿನೇ. ಯಾವ ಪೆನ್ನೂ ಟಿಡಿಎಸ್ ಅಳೆಯಲ್ಲ, ಇಸಿ ಅಳೆದು ಗುಣಿಸಿ ತೋರಿಸುತ್ತೆ, ನಂದು 0.5ರಿಂದ, ಅವರ್ದು 0.7ರಿಂದ. ಎರಡರಲ್ಲೂ ಇಸಿ 2.0 ಅಂತಾನೇ ಇತ್ತು.

ಈಗ ಪಿಹೆಚ್‌ಗೆ ಬರೋಣ. ನಮಗೆ ಇದು ಬೇಕೇ ಬೇಕು, ಬೋರು ನೀರು 8ರ ಮೇಲೆ ಇರುತ್ತೆ, ಡ್ರಿಪ್ಪರ್ ಬಾಯಲ್ಲಿ ಬಿಳೀ ಸುಣ್ಣ ಕಟ್ಟುತ್ತೆ, ಕೆಲವು ಔಷಧಿಗಳು ಅಂಥ ನೀರಲ್ಲಿ ಕಲಸಿಟ್ರೆ ಸಿಂಪಡಿಸೋ ಮುಂಚೆನೇ ಪವರ್ ಕಳ್ಕೊಳುತ್ವೆ, ಅದಕ್ಕೆ ಫಾಸ್ಫಾರಿಕ್ ಆಸಿಡ್ ಹಾಕಿ 6ರ ಹತ್ರ ಇಳಿಸ್ತೀವಿ. ಪಿಹೆಚ್ ಗಾಜಿನ ಬಲ್ಬು ಎಳೇ ಮಗು ಇದ್ದಂಗೆ, ಒಣಗಬಾರ್ದು, ಬಟ್ಟೇಲಿ ಉಜ್ಜಬಾರ್ದು, ಬಿಸಿಲಲ್ಲಿ ಬಿಡಬಾರ್ದು. ಕ್ಯಾಪ್ ಒಳಗಿನ ಸ್ಪಂಜಿಗೆ 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ (ಕೆಸಿಎಲ್) ನೀರು ಹಾಕಿ ಇಡಬೇಕು, 100 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ ಹತ್ತತ್ರ 22 ಗ್ರಾಂ. ಬರೀ ಡಿಸ್ಟಿಲ್ಡ್ ವಾಟರಲ್ಲೋ ಆರ್‌ಓ ನೀರಲ್ಲೋ ನೆನೆಸಿಟ್ರೆ ಪ್ರೋಬ್ ಒಳಗಿನ ಉಪ್ಪು ಹೊರಗೆ ಹೋಗಿ ಬೇಗ ಸಾಯುತ್ತೆ, ಈ ವಿಷಯ ಬಾಕ್ಸಲ್ಲಿ ಬಂದ ಚೀಟೀಲಿ ಒಂದಕ್ಷರನೂ ಇಲ್ಲ. ಪೊಟ್ಯಾಷ್ ಗೊಬ್ಬರನೂ ಅದೇ ಅಲ್ವಾ ಅಂತ ನಮ್ಮ ಬಾಮೈದ ಕೇಳ್ದ. ಹೌದು ಅದೇನೇ, ಆದ್ರೆ ಆ ಕೆಂಪು ಮೂಟೆ ಮಾಲು ಇದಕ್ಕೆ ಬೇಡಪ್ಪಾ, ಲ್ಯಾಬ್ ಗ್ರೇಡು ತರಿಸ್ಕೊಳಿ.

ಇಷ್ಟೆಲ್ಲಾ ಮಾಡಿದ್ರೂ ಒಂದೂವರೆ ವರ್ಷಕ್ಕೆ ಪ್ರೋಬ್ ಸುಸ್ತಾಯ್ತು. ಅದಕ್ಕೂ ಬೇಜಾರಿಲ್ಲ, ಈ ಪ್ರೋಬುಗಳ ಆಯಸ್ಸೇ ಒಂದೆರಡು ವರ್ಷ. ಬೇಜಾರು ಏನಂದ್ರೆ ಅದು ಸತ್ತೆ ಅಂತ ಹೇಳಿ ಸಾಯಲ್ಲ. ಡಿಸ್ಪ್ಲೇಲಿ ನಂಬರು ಚೆನ್ನಾಗೇ ಬರ್ತಿರುತ್ತೆ, ಆದ್ರೆ ಎಲ್ಲಾ 7ರ ಕಡೆಗೆ ಎಳೀತಾ ಇರುತ್ತೆ. ನಿಜವಾಗಿ 5.5 ಇರೋ ನೀರಿಗೆ 6.2 ಅನ್ನುತ್ತೆ, ನೀವು ಇನ್ನೂ ಇಳೀಬೇಕು ಅಂತ ಆಸಿಡ್ ಸುರೀತಾ ಹೋಗ್ತೀರ! ಇದನ್ನ ಹಿಡಿಯೋಕೆ ಒಂದೇ ದಾರಿ, ಬಫರ್ ಪುಡಿ, ಅಂದ್ರೆ ನೀರಲ್ಲಿ ಕಲಸಿದ್ರೆ ಪಿಹೆಚ್ ಇಷ್ಟೇ ಅಂತ ಮೊದಲೇ ಗೊತ್ತಿರೋ ಪುಡಿ. 6.86ರಲ್ಲಿ ಸೆಟ್ ಮಾಡಿ, ಬ್ಯಾಟರಿ ವಾಟರಲ್ಲಿ ತೊಳೆದು, ಟಿಶ್ಯೂನಲ್ಲಿ ಒತ್ತಿ ತೇವ ತೆಗೆದು 4.00ಕ್ಕೆ ಅದ್ದಿ, ಏನೂ ಒತ್ತದೆ ಸುಮ್ನೆ ನೋಡಿ. 4ರ ಹತ್ರ ಬರದೆ 4.6, 4.7 ಅಂತ ನಿಂತ್ರೆ, ನಿಲ್ಲೋಕೂ ಎರಡು ನಿಮಿಷ ತಗೊಂಡ್ರೆ, ಕಥೆ ಮುಗೀತಾ ಬಂತು ಅಂತ. ಸುಣ್ಣ ಕಟ್ಟಿದ್ರೂ ಹಿಂಗಾಗುತ್ತೆ, ವಿನೆಗರಲ್ಲಿ ಹತ್ತು ನಿಮಿಷ ನೆನೆಸಿ, ತೊಳೆದು, ರಾತ್ರಿಯೆಲ್ಲಾ ಕೆಸಿಎಲ್‌ನಲ್ಲಿ ಇಟ್ಟು ಇನ್ನೊಂದು ಸಲ ನೋಡಿ. ನಂದು ಅದಕ್ಕೂ ಬಗ್ಗಲಿಲ್ಲ.

ಹೊಸ ಪ್ರೋಬ್ ಕೇಳಿದ್ರೆ ಎರಡೂವರೆ ಸಾವಿರ ಅಂದ್ರು, ಪ್ಲಸ್ ಕೊರಿಯರ್. ಇದಕ್ಕೇನನ್ನೋಣ ಹೇಳಿ, ಟೈರ್ ಹೋಗಿದ್ದಕ್ಕೆ ಗಾಡಿಯ ಅರ್ಧ ರೇಟ್ ಕೇಳಿದಂಗಾಯ್ತು.

ಇನ್ನೊಂದು, ಮೀಟರ್ ಐತೆ ಅಂತ ಗೊತ್ತಾದ ಮೇಲೆ ಊರೋರು ಬಾಟಲಿಯಲ್ಲಿ ನೀರು ತುಂಬ್ಕೊಂಡು ಬರೋಕೆ ಶುರು ಮಾಡಿದ್ರು, ಅದೊಂಥರಾ ಖುಷಿನೇ. 2018ರಿಂದ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕಳಿಸೋದು) ನಮ್ಮ ಕಡೆ ಕೆರೆಗಳಿಗೆ ಬರ್ತಿರೋದ್ರಿಂದ ಬೋರು ನೀರಿನ ಬಗ್ಗೆ ಎಲ್ಲರಿಗೂ ಅನುಮಾನ, ಕುಡೀಬಹುದಾ ನೋಡಣ್ಣ ಅಂತಾರೆ. ಇದ್ರಿಂದ ಅದು ಆಗಲ್ಲ. ನಮ್ಮ ಜಿಲ್ಲೇಲಿ ಭಯ ಇರೋದು ಫ್ಲೋರೈಡ್‌ದು, ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ. ಸಾವಿರ ಟಿಡಿಎಸ್ ಒಳಗೆ ಆ ಒಂದು ಮಿಲಿಗ್ರಾಂ ಪೆನ್ನಿಗೆ ಎಲ್ಲಿ ಕಾಣುತ್ತೆ, ಬ್ಯಾಕ್ಟೀರಿಯಾ ಅಂತೂ ದೂರದ ಮಾತು. ಅದಕ್ಕೆ ಲ್ಯಾಬಿಗೇ ಕೊಡಿ. ಆದ್ರೆ ಊರಿನ ಶುದ್ಧ ನೀರಿನ ಘಟಕದ ಮೆಂಬ್ರೇನ್ (ಉಪ್ಪು ಸೋಸೋ ಪೊರೆ) ಹೋಗಿದ್ಯಾ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ, ಅರವತ್ತು ಎಪ್ಪತ್ತು ಬರ್ತಿದ್ದ ಟಿಡಿಎಸ್ ಮುನ್ನೂರಕ್ಕೆ ಏರಿದ್ರೆ ಹೋಗಿ ಕೇಳ್ಬೇಕು, ನಾವು ಕೇಳಿದ್ವಿ, ಬದಲಾಯಿಸಿದ್ರು.

ರೇಟಿಂಗ್ ಅಂದ್ರೆ ಇಸಿಗೆ ಐದಕ್ಕೆ ನಾಲ್ಕೂವರೆ, ಪಿಹೆಚ್‌ಗೆ ಒಂದೂವರೆ. ಕಾಂಬೋ ಬೇಡ, ಇಸಿ ಪೆನ್ ಬೇರೆ, ಪಿಹೆಚ್ ಪೆನ್ ಬೇರೆ ತಗೊಳಿ, ಆರ್ಡರ್ ಮಾಡೋ ಮುಂಚೆ ಬರೀ ಪ್ರೋಬ್ ಸಿಗುತ್ತಾ, ಎಷ್ಟು ಅಂತ ಫೋನ್ ಮಾಡಿ ಕೇಳಿ. ನಾನಂತೂ ಪ್ರೋಬ್ ತರಿಸಲ್ಲ, ಇದನ್ನ ಇಸಿಗೆ ಮಾತ್ರ ಇಟ್ಕೊಂಡು ಸದ್ಯಕ್ಕೆ ಪಿಹೆಚ್‌ಗೆ ಪೇಪರ್ ಸ್ಟ್ರಿಪ್ ನಡೆಸ್ತಾ ಇದೀನಿ, ಅರ್ಧ ಪಾಯಿಂಟ್ ಆಚೀಚೆ ಆಗುತ್ತೆ, ಸ್ಪ್ರೇ ಟ್ಯಾಂಕಿಗೆ ಅಷ್ಟು ಸಾಕು.